ಗೆರೆಯಮ್ಮ ಮತ್ತು ತಾಮ್ರದ ಹೊಳಪು

ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ತಟ್ಟೆಯ ಅಂಚಿಗೆ ಚಿನ್ನದ ಗೆರೆ ಎಳೆಯುವುದು. ತಿರುಗುವ ಪೀಠದ ಮೇಲೆ ತಟ್ಟೆ ಕೂರಿಸಿ, ಎಡಗೈಯಿಂದ ಒಮ್ಮೆ ತಿರುಗಿಸಿಬಿಟ್ಟು, ಬಲಗೈಯ ಕುಂಚವನ್ನು ಅಂಚಿಗೆ ತಾಗಿಸಿ ಉಸಿರು ಬಿಗಿಹಿಡಿಯುತ್ತಿದ್ದಳು. ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಗೆರೆ ಮುಗಿದಿರುತ್ತಿತ್ತು. ಎರಡು ತುದಿ ಕೂಡಿದ ಜಾಗ ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಹೀಗಾಗಿ ಅವಳಿಗೆ ಗೆರೆಯಮ್ಮ ಎಂಬ ಹೆಸರು ಬಿತ್ತು. ಮನೆಯವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಗಂಡ ಅದೇ ಕಾರ್ಖಾನೆಯ ಭಟ್ಟಿಯವನು. ಗೆರೆ ಎಳೆಯುವ ಚಿನ್ನದ ದ್ರವ ಕುಂಚದಲ್ಲಿದ್ದಾಗ ಚಿನ್ನದ ಹಾಗೆ ಕಾಣುವುದಿಲ್ಲ. ಪಾಕದ ಹಾಗೆ ಕಂದು ಬಣ್ಣ, ಅಂಟು. ಭಟ್ಟಿಯಲ್ಲಿ ಬೆಂದ ಮೇಲೆಯೇ ಅದಕ್ಕೆ ಹೊಳಪು. "ನೀನು ಬಳಿಯೋದು ಬೆಲ್ಲ. ಅದನ್ನ ಚಿನ್ನ ಮಾಡೋನು ನಾನು" ಎಂದು ಮದುವೆಗೆ ಮುಂಚೆಯೇ ಅವನು ಅವಳನ್ನು ರೇಗಿಸಿದ್ದ. ಅವಳು ಆ ಮಾತಿಗೆ ನಕ್ಕದ್ದೇ ಮುಂದೆ ಸಂಸಾರವಾಯಿತು. ಒಬ್ಬಳೇ ಮಗಳು. ಅವನು ಬಾಯಿ ತೆರೆದರೆ ಸಾಕು, ಸುತ್ತ ನಾಲ್ಕು ಜನ ಸೇರುತ್ತಿದ್ದರು. ಮಾತಿಗಿಂತ ಮುಖವೇ ಹೆಚ್ಚು ನಗಿಸುತ್ತಿತ್ತು. ಮೇಲಧಿಕಾರಿಯ ಹುಬ್ಬು, ಕಾವಲುಗಾರನ ಆಕಳಿಕೆ, ಹೆಂಡತಿ ಉಸಿರು ಹಿಡಿದು ಗೆರೆ ಎಳೆಯುವ ಪರಿ ಎಲ್ಲವನ್ನೂ ಆ ಒಂದೇ ಮುಖದಲ್ಲಿ ಮಾಡಿ ತೋರಿಸುತ್ತಿದ್ದ.

ಕಾಲ ಬದಲಾಯಿತು. ಜನರ ಅಡುಗೆಮನೆಗೆ ಮೈಕ್ರೋವೇವ್ ಎಂಬ ಹೊಸ ಬಗೆಯ ಒಲೆ ಬಂತು. ಚಿನ್ನದ ಗೆರೆಯ ತಟ್ಟೆ ಅದರೊಳಗಿಟ್ಟರೆ ಚಟಪಟ ಕಿಡಿ ಹಾರುತ್ತದೆಂದು ಯಾರೂ ಕೊಳ್ಳದಾದರು. ಗೆರೆಯ ವಿಭಾಗಕ್ಕೆ ಬೀಗ ಬಿತ್ತು. ಹಳೆಯ ಭಟ್ಟಿ ತೆಗೆದು ಗುಂಡಿ ಒತ್ತುವ ಭಟ್ಟಿ ತಂದರು. ಗಂಡಹೆಂಡತಿ ಒಂದೇ ತಿಂಗಳಲ್ಲಿ ಹೊರಬಿದ್ದರು. ಕೈಗೆ ಬಂದ ಹಣದಲ್ಲಿ ಊರ ಅಂಚಿನ ಬೀದಿಯೊಂದರಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇದ್ದ ಜಾಗ ಹಿಡಿದು, ಸಾಮಾನು ಕೋಣೆಯಲ್ಲಿ ಒಂದು ಚಿಕ್ಕ ಭಟ್ಟಿ ಕಟ್ಟಿಕೊಂಡರು. ಆ ಬೀದಿಯಲ್ಲಿ ಆಗಲೇ ನಾಲ್ಕು ಕಡೆ ಮಣ್ಣಿನ ಕೆಲಸ ನಡೆಯುತ್ತಿತ್ತು.

ಬಟ್ಟಲು, ಹೂದಾನಿ, ಕೈಗೆ ಹಿಡಿಸುವ ಪುಟ್ಟ ಕುಡಿಕೆ ಮಾಡಿದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಗಿರಾಕಿಗಳು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಚೆನ್ನಾಗಿದೆ" ಎಂದು ಅಲ್ಲೇ ಇಟ್ಟು ಹೋಗುತ್ತಿದ್ದರು. ಏನೋ ಒಂದು ಕಡಿಮೆ. ಗೆರೆಯಮ್ಮನಿಗೆ ಅದು ಗೊತ್ತಿತ್ತು. ಇಷ್ಟು ವರ್ಷ ಹೊಳಪು ಕಂಡೇ ಅಭ್ಯಾಸವಾಗಿದ್ದ ಕಣ್ಣು, ಬರಿಯ ಬಿಳಿ ಬಟ್ಟಲನ್ನು ಮಾರಲು ಅವಳಿಗೇ ನಾಚಿಕೆ. ಆದರೆ ಚಿನ್ನದ ದ್ರವದ ಹೆಬ್ಬೆರಳು ಗಾತ್ರದ ಸೀಸೆ ತಂದರೆ ಆ ತಿಂಗಳ ಊಟ ಬಿಡಬೇಕಾಗುತ್ತಿತ್ತು.

ಬಣ್ಣದ ಅಂಗಡಿಯಲ್ಲಿ ಒಂದು ದಿನ ಅವಳ ಕಣ್ಣಿಗೆ ಒಂದು ಬಟ್ಟಲು ಬಿತ್ತು. ಶತಮಾನ ಹಳೆಯ ಕಂಚಿನ ಹಾಗಿತ್ತು. ಉಗುರಿನಿಂದ ತಟ್ಟಿದಳು, ಪಿಂಗಾಣಿಯ ಸದ್ದು.

"ಇದು ಹೇಗೆ ಮಾಡಿದ್ದು?" ಎಂದು ಕೇಳಿದಳು.

"ಮ್ಯಾಂಗನೀಸ್ ಅಂತ ಒಂದು ಕರಿ ಪುಡಿ ಬರುತ್ತೆ," ಎಂದ ಅಂಗಡಿಯವನು. "ಅದು ಮೂರು ಪಾಲು, ತಾಮ್ರದ ಪುಡಿ ಅರ್ಧ ಪಾಲು, ಒಂದಿಷ್ಟು ಜೇಡಿಮಣ್ಣು. ಕಲಸಿ ಬಳಿದು ಜೋರಾಗಿ ಸುಟ್ಟುಬಿಡಿ. ಇದ್ದಿಲಿನ ಬೆಲೆಗೆ ಕಂಚು ಸಿಗುತ್ತೆ."

ಅವಳು ಎರಡು ಸೇರು ಕಟ್ಟಿಸಿಕೊಂಡು ಬಂದಳು. ಮೊದಲ ಭಟ್ಟಿಯಲ್ಲೇ ಹದ ಹತ್ತಿತು. ಬಾಗಿಲು ತೆಗೆದಾಗ ಹನ್ನೆರಡು ಬಟ್ಟಲು ಯಾವುದೋ ರಾಜಭಂಡಾರದಿಂದ ಎತ್ತಿ ತಂದ ಹಾಗೆ ಹೊಳೆಯುತ್ತಿದ್ದವು. ಗಂಡ ಒಂದನ್ನು ತಲೆಯ ಮೇಲಿಟ್ಟುಕೊಂಡು ರಾಜನ ಮುಖ ಮಾಡಿದ. ಅಂದಿನಿಂದ ಅವರ ಅಂಗಡಿಯ ನಸೀಬೇ ತಿರುಗಿತು. ಗೆರೆಯಮ್ಮ ಗುಟ್ಟು ಇಟ್ಟುಕೊಳ್ಳುವವಳಲ್ಲ. ಬೀದಿಯ ನಾಲ್ಕೂ ಮನೆಗಳಿಗೆ ತಾನೇ ಹೋಗಿ, ತಕ್ಕಡಿ ಹಿಡಿದು, ಎಷ್ಟಕ್ಕೆ ಎಷ್ಟು ಎಂದು ಹೇಳಿಕೊಟ್ಟು ಬಂದಳು. "ನಮ್ಮ ಒಲೆ ಹತ್ತಿದ ಹಾಗೆ ಅವರದ್ದೂ ಹತ್ತಲಿ" ಎಂಬುದು ಅವಳ ಲೆಕ್ಕ.

ಬಳಿಯುವುದು, ಮಾರುವುದು ಅವಳ ಪಾಲು. ಸುಡುವುದು ಅವನ ಪಾಲು. ಭಟ್ಟಿಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಗಾಳಿ ನುಗ್ಗಿದರೆ ಉರಿ ಏರುಪೇರಾಗುತ್ತದೆಂದು ಅವನು ಅದಕ್ಕೆ ಗೋಣಿಚೀಲ ತುರುಕಿದ್ದ. ಉರಿ ಏರಿದಾಗ ಭಟ್ಟಿಯ ಸಂದಿಗಳಿಂದ ತೆಳು ಹೊಗೆ ಹೊರಬರುತ್ತಿತ್ತು. ಇಣುಕುಕಿಂಡಿಯ ಪಕ್ಕ ಮಣೆ ಹಾಕಿಕೊಂಡು ಎಂಟು ಗಂಟೆ, ಹತ್ತು ಗಂಟೆ ಅವನು ಅಲ್ಲೇ ಕೂರುತ್ತಿದ್ದ. ಪ್ರತಿ ಸುಡುವಿಕೆಯ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಹೀಗೆ ಒಂಬತ್ತು ವರ್ಷ.

ಮೊದಲು ಗಮನಿಸಿದವಳು ಮಗಳು. ಅವಳು ಬೇರೆ ಬಡಾವಣೆಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. "ಅಮ್ಮಾ, ಅಪ್ಪನಿಗೆ ನನ್ನ ಮೇಲೆ ಕೋಪಾನಾ?" ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು. "ತಮಾಷೆ ಮಾಡ್ತಾರೆ, ಮುಖದಲ್ಲಿ ಮಾತ್ರ ಏನೂ ಇಲ್ಲ."

ಗೆರೆಯಮ್ಮ ಇಣುಕಿ ನೋಡಿದಳು. ಗಂಡ ಯಾವುದೋ ಹಳೆಯ ಜೋಕು ಹೇಳುತ್ತಿದ್ದ. ಮಾತು ಅದೇ, ಮುಖ ಮಾತ್ರ ಗೋಡೆಯ ಹಾಗೆ. ದಿನವೂ ನೋಡುವ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಆಮೇಲೆ ಒಂದೊಂದಾಗಿ ಕಾಣತೊಡಗಿತು. ಹಿಂದಕ್ಕೆ ಹೆಜ್ಜೆ ಇಡಹೋದರೆ ಕಡಿದ ಮರದ ಹಾಗೆ ಬೀಳುತ್ತಿದ್ದ. ಕೈ ಬಿಗಿದುಕೊಂಡಿತ್ತು. ಅವಳು ನೋಟ್‌ಬುಕ್ ತೆರೆದಳು. ಮೊದಲ ಪುಟಗಳಲ್ಲಿ ದುಂಡಗಿದ್ದ ಅಕ್ಷರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗಿ, ಕೊನೆಯ ಪುಟದಲ್ಲಿ ಇರುವೆ ಸಾಲಿನ ಹಾಗಾಗಿತ್ತು.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಅವನನ್ನು ನಡೆಸಿದರು, ನಿಲ್ಲಿಸಿದರು, ಬೆರಳು ಮಡಿಸಿ ಬಿಚ್ಚಿಸಿದರು. ಕೊನೆಗೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಏನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಅವರು ಒಂದೊಂದೇ ವಸ್ತುವಿನ ಹೆಸರು ಕೇಳುತ್ತ ಹೋದರು. ಕರಿ ಪುಡಿಯ ಹೆಸರು ಬಂದಾಗ ಅವರ ಪೆನ್ನು ನಿಂತಿತು.

"ನೂರಕ್ಕೆ ನೂರು ಇದೇ ಅಂತ ನಾನು ಹೇಳಲ್ಲ," ಎಂದರು. "ಇನ್ನೂ ಪರೀಕ್ಷೆ ಮಾಡಿಸೋಣ. ಆದ್ರೆ ಮ್ಯಾಂಗನೀಸಿನ ಹೊಗೆ ವರ್ಷಗಟ್ಟಲೆ ಒಳಗೆ ಹೋದ್ರೆ ಮೆದುಳಲ್ಲಿ ಕೂತುಬಿಡುತ್ತೆ. ನಡಿಗೆ, ಮುಖ, ಕೈ ಎಲ್ಲಾ ಹೀಗೇ ಆಗುತ್ತೆ. ಇವತ್ತಿನಿಂದ ಆ ಕೋಣೆಗೆ ಕಾಲಿಡಬೇಡಿ. ಹೋದದ್ದನ್ನ ವಾಪಸ್ ತರೋ ಮಾತ್ರೆ ನನ್ನ ಹತ್ರ ಇಲ್ಲ."

ಮನೆಗೆ ಬಂದವಳೇ ಗೆರೆಯಮ್ಮ ಗೋಣಿಚೀಲ ಕಿತ್ತು ಹೊರಗೆಸೆದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದಳು. ಅದು ತನ್ನ ಮನೆಯ ಭಟ್ಟಿಗೇ ಹೇಳಿದ ಮಾತು ಎಂದು ಅಂದುಕೊಂಡಿರಲಿಲ್ಲ. ಅಂಗಡಿಯ ಕಪಾಟಿನಲ್ಲಿ ಕಂಚಿನ ಬಟ್ಟಲುಗಳು ಹೊಳೆಯುತ್ತ ಕೂತಿದ್ದವು. ಅವಳಿಗೆ ಅತ್ತ ನೋಡಲಾಗಲಿಲ್ಲ.

ಹನ್ನೊಂದು ದಿನ ಅವಳು ಕಾದಳು, ಇವತ್ತು ಬೈದಾರು, ನಾಳೆ ಬೈದಾರು ಎಂದು. ಅವನು ಬೈಯಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಅವನ ಅಂಗಿಯ ಗುಂಡಿ ಹಾಕುತ್ತಿದ್ದಾಗ ಅವಳೇ ತಡೆಯಲಾರದೆ ಬಾಯಿಬಿಟ್ಟಳು.

"ರೀ, ಒಂದು ಸಲ ಬಾಯಿತುಂಬ ಬೈದುಬಿಡಿ."

"ಯಾಕೆ?"

"ಆ ಪುಡಿ ಮನೆಗೆ ತಂದೋಳು ನಾನು."

ಅವನ ಮಾತು ಈಚೆಗೆ ನಿಧಾನವಾಗಿತ್ತು. ಒಂದೊಂದೇ ಪದ ಹುಡುಕಿ ತಂದ ಹಾಗೆ ಹೇಳಿದ: "ಕಿಟಕಿಗೆ ಗೋಣಿ ತುರುಕಿದೋನು ನಾನು. ಬಯ್ಯೋಕೆ ಶುರು ಮಾಡಿದ್ರೆ ಇಬ್ಬರಿಗೂ ಹಂಚೋಷ್ಟಿದೆ, ಬಿಡು." ಆಮೇಲೆ ಕೇಳಿದ: "ಈ ಹದ ಯಾರ್ಯಾರಿಗೆ ಹೇಳಿಕೊಟ್ಟಿದ್ದೀಯ?"

"ಬೀದಿಯ ನಾಲ್ಕೂ ಮನೆಗೆ," ಎಂದಳು.

ಅವತ್ತು ಸಂಜೆಯೇ ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ತುದಿಯ ಅಣ್ಣತಮ್ಮಂದಿರು ಕೇಳಿದ ಕೂಡಲೇ ಪುಡಿಯ ಡಬ್ಬ ಹೊರಗಿಟ್ಟರು. ಹೆಂಚಿನ ಕೆಲಸದ ಮುದುಕ, "ನಾನು ವರ್ಷಕ್ಕೆ ಎರಡು ಸಲ ಸುಟ್ಟರೆ ಹೆಚ್ಚು, ಅದನ್ನೂ ಬಿಡ್ತೀನಿ ತಾಯಿ" ಎಂದ. ಮೂರನೆಯ ಮನೆಯವರು ಕಸುಬನ್ನೇ ಬಿಟ್ಟು ಬಟ್ಟೆ ಇಸ್ತ್ರಿ ಅಂಗಡಿ ಹಾಕಿದ್ದರು. ಉಳಿದವಳು ಹೂಜಿಯಮ್ಮ. ಗಂಡ ಇಲ್ಲದ ಹೆಂಗಸು, ಒಂಟಿಯಾಗಿ ಭಟ್ಟಿ ನಡೆಸುತ್ತಿದ್ದಳು. ಹೂಜಿ ತಿರುಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಣ್ಣು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಎಲ್ಲ ಕೇಳಿಸಿಕೊಂಡಳು.

"ಅಲ್ಲ ಗೆರೆಯಮ್ಮ, ನೀವೇ ಬಂದು ಹೇಳಿಕೊಟ್ರಿ, ಈಗ ನೀವೇ ಬಂದು ಬಿಡು ಅಂತೀರಿ. ಬಿಟ್ಟು ಏನು ಮಾಡ್ಲಿ? ನನ್ನ ಹೂಜೀನ ಜನ ಕೊಳ್ಳೋದೇ ಆ ಬಣ್ಣಕ್ಕೆ. ನಿಮ್ಮ ಗಂಡನಿಗೆ ಬಂತು ಅಂತ ನನಗೂ ಬರಲೇಬೇಕಾ? ಚಿನ್ನದ ಸೀಸೆ ತಂದುಕೊಡ್ತೀರಾ, ಹೇಳಿ, ಇವತ್ತೇ ಬಿಡ್ತೀನಿ."

ಗೆರೆಯಮ್ಮ ಹೊರಟುಬಂದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಬೇಡ ಎನ್ನಲು ಹೋದವಳು ಬರಿಗೈಯಲ್ಲಿ ಹೋಗಬಾರದಾಗಿತ್ತು.

ಕಾರ್ಖಾನೆಯಲ್ಲಿ ಬಣ್ಣ ಅರೆಯುತ್ತಿದ್ದ ಮೇಸ್ತ್ರಿ ಇನ್ನೂ ಬದುಕಿದ್ದಾರೆಂದು ಅವಳಿಗೆ ನೆನಪಾಯಿತು. ಎಂಬತ್ತು ದಾಟಿದವರು, ಮಗನ ಮನೆಯ ಮಹಡಿಯಲ್ಲಿ ಒಂದು ಮಂಚ, ಒಂದು ಕಿಟಕಿ, ಅದರ ತುಂಬ ಬಣ್ಣಬಣ್ಣದ ಪಿಂಗಾಣಿ ಚೂರು. ಅವಳು ಎಲ್ಲವನ್ನೂ ಮುಚ್ಚಿಡದೆ ಹೇಳಿದಳು.

"ಹಳೇ ಕಾಲದವರು ಚಿನ್ನ ಇಲ್ಲದೇ ಹೊಳಪು ತರ್ತಿದ್ರು," ಎಂದರು ಮೇಸ್ತ್ರಿ. "ತಾಮ್ರದಲ್ಲಿ. ಮೈಲುತುತ್ತ ಗೊತ್ತಲ್ಲ, ತೋಟಕ್ಕೆ ಹೊಡೆಯೋ ನೀಲಿ ಹರಳು? ಬಿಸಿನೀರಲ್ಲಿ ಕರಗಿಸು. ಬಟ್ಟೆ ಒಗೆಯೋ ಸೋಡಾ ಬೇರೆ ನೀರಲ್ಲಿ ಕರಗಿಸಿ ಅದಕ್ಕೆ ನಿಧಾನ ಸುರಿ. ನೊರೆ ಬರುತ್ತೆ, ಹೆದರಬೇಡ. ತಳದಲ್ಲಿ ತಿಳಿಹಸಿರು ಮಡ್ಡಿ ಕೂರುತ್ತೆ, ಅದೇ ತಾಮ್ರ. ನಾಲ್ಕು ನೀರಲ್ಲಿ ತೊಳೆದು ಒಣಗಿಸು. ಅದು ಒಂದು ಪಾಲು, ಕಾವಿಮಣ್ಣು ಮೂರು ಪಾಲು, ಸೇರಿಸಿ ಅರೆ. ಮೊದಲೇ ಸುಟ್ಟು ಹೊಳಪು ಕೊಟ್ಟಿರೋ ಬಿಳಿ ಪಾತ್ರೆ ಮೇಲೆ ಬಳಿದು ಇನ್ನೊಂದು ಸಲ ಸುಡು. ಜೋರಾಗಿ ಅಲ್ಲ. ಬೂದಿ ಒಳಗಿಂದ ಕೆಂಡ ಇಣುಕುತ್ತಲ್ಲ, ಆ ಕೆಂಪು ಬಂದ್ರೆ ಸಾಕು. ಆಗ ಮರದ ಹೊಟ್ಟು ಒಳಗೆ ಹಾಕಿ ಎಲ್ಲಾ ಕಿಂಡಿ ಮುಚ್ಚಿಬಿಡು."

"ಮುಚ್ಚಿದರೆ ಏನಾಗುತ್ತೆ?"

"ಬೆಂಕಿಗೆ ಗಾಳಿ ಬೇಕು. ಹೊರಗಿಂದ ಸಿಗದೇ ಹೋದ್ರೆ ತಾಮ್ರದ ಮಡ್ಡಿಯೊಳಗೆ ಇರೋದನ್ನೇ ಕಿತ್ತುಕೊಳ್ಳುತ್ತೆ. ಉಳಿಯೋದು ಬರೀ ಲೋಹ. ನೊಣದ ರೆಕ್ಕೆಗಿಂತ ತೆಳು ಪದರ."

"ಆ ಹೊಗೆ?" ಎಂದು ಕೇಳಿದಳು. ಈಗ ಅವಳಿಗೆ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಅದೇ.

"ಒಳ್ಳೇ ಹೊಗೆ ಅಂತ ಯಾವುದೂ ಇಲ್ಲಮ್ಮ. ಬಯಲಲ್ಲಿ ಸುಡು. ಗಾಳಿ ಬರೋ ಕಡೆ ನಿಂತುಕೋ. ಪುಡಿ ಅರೆಯುವಾಗ್ಲೂ ಸುಡುವಾಗ್ಲೂ ಗಾಡಿಗೆ ಬಣ್ಣ ಹೊಡೆಯೋರು ಹಾಕೋ ಥರದ ಮುಖವಾಡ ಹಾಕು, ಬಟ್ಟೆ ಕಟ್ಟಿಕೊಂಡ್ರೆ ಸಾಲದು. ಮತ್ತೆ ಇದನ್ನ ಊಟದ ತಟ್ಟೆಗೆ ಹಚ್ಚಬೇಡ, ನೋಡೋ ಪಾತ್ರೆಗೆ ಮಾತ್ರ." ಅವರು ಮಂಚಕ್ಕೆ ಒರಗಿದರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇದರಲ್ಲಿ ದೊಣ್ಣೆ ಬೇಡ, ಅರ್ಧ ನಿಮಿಷ ತಪ್ಪಿದ್ರೂ ಹೋಯ್ತು."

ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹಳೆಯ ಕಬ್ಬಿಣದ ಪೀಪಾಯಿ ನಿಲ್ಲಿಸಿ, ಒಳಗೆ ಭಟ್ಟಿಯ ಒಡಕು ಇಟ್ಟಿಗೆ ಜೋಡಿಸಿ ಪಾತ್ರೆ ಸುಡಲು ಅವಳೇ ಒಂದು ಆವಿಗೆ ಕಟ್ಟಿದಳು. ಬಡಗಿಯ ಅಂಗಡಿಯ ಹೊಟ್ಟು ಪುಕ್ಕಟೆ ಸಿಕ್ಕಿತು. ಮೈಲುತುತ್ತಕ್ಕೆ ಆದ ಖರ್ಚು ಒಂದು ಹೊತ್ತಿನ ಕಾಫಿಯದ್ದು.

ಮೊದಲ ಸಲ ಕಾವು ಹೆಚ್ಚಾಯಿತು. ಬಳಿದ ಮಣ್ಣು ತಳ ಹಿಡಿದ ಅನ್ನದ ಹಾಗೆ ಪಾತ್ರೆಗೆ ಕಚ್ಚಿಕೊಂಡಿತು. ಉಳಿ ಹಿಡಿದು ಕೆತ್ತಿದರೂ ಬಿಡಲಿಲ್ಲ. ಎರಡನೆಯ ಸಲ ಹೆದರಿ ಬೇಗ ನಿಲ್ಲಿಸಿದಳು. ತೊಳೆದರೆ ಬಳಿದದ್ದೆಲ್ಲ ಕೊಚ್ಚಿಹೋಗಿ ಬಿಳಿ ಪಾತ್ರೆ ಬಿಳಿಯಾಗಿಯೇ ಉಳಿಯಿತು. ಮೂರನೆಯದರಲ್ಲಿ ಎಲ್ಲೋ ಗಾಳಿ ನುಸುಳಿ ಪಾಚಿಯಂಥ ಹಸಿರು ಕಲೆ. ಅವಳದು ಕುಂಚದ ಕೈ, ಉರಿಯ ಕಣ್ಣು ಅವಳಿಗಿರಲಿಲ್ಲ. ಆವಿಗೆಯ ಕೆಂಪಿನಲ್ಲಿ ಹತ್ತು ಬಗೆ ಇದೆಯೆಂದು ಓದಿ ಹೇಳಬಲ್ಲವನು ಮನೆಯೊಳಗೆ ಗೋಡೆ ನೋಡುತ್ತ ಕೂತಿದ್ದ.

"ನನ್ನನ್ನ ಹೊರಗೆ ಕೂರಿಸು," ಎಂದ ಅವನೇ.

"ಡಾಕ್ಟರು ಏನಂದ್ರು, ಮರೆತಿರಾ?"

"ಆ ಕೋಣೆಗೆ ಹೋಗಬೇಡ ಅಂದ್ರು. ಬಯಲಿಗೆ ಬೇಡ ಅನ್ನಲಿಲ್ಲ. ಅಷ್ಟು ದೂರದಲ್ಲಿ ಹಾಕು ಕುರ್ಚೀನ. ಕಣ್ಣಿಗೆ ಏನೂ ಆಗಿಲ್ಲ."

ಅವಳು ಮಗಳ ಜೊತೆ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದಳು. ಗಾಳಿ ಬರುವ ದಿಕ್ಕಿನಲ್ಲಿ, ಇಪ್ಪತ್ತು ಹೆಜ್ಜೆ ಆಚೆ ಕುರ್ಚಿ ಹಾಕಿದಳು. ಇಣುಕುಕಿಂಡಿಯನ್ನು ಅವನ ಕಡೆಗೆ ತಿರುಗಿಸಿ ದೊಡ್ಡದು ಮಾಡಿದಳು. ಅವನ ದನಿ ಅಷ್ಟು ದೂರ ಕೇಳುತ್ತಿರಲಿಲ್ಲ. ಕೈಗೆ ಒಂದು ಖಾಲಿ ಡಬ್ಬ, ಒಂದು ಕೋಲು ಕೊಟ್ಟಳು. ಒಂದು ಏಟಿಗೆ ಇನ್ನೂ ಸೌದೆ, ಎರಡು ಏಟಿಗೆ ತಡಿ, ಮೂರು ಏಟಿಗೆ ಹೊಟ್ಟು ಹಾಕಿ ಮುಚ್ಚು. ಮೊದಲ ದಿನ ಕೈ ಬಿಗಿದು ಮೂರನೆಯ ಏಟು ಬೀಳುವುದೇ ತಡವಾಯಿತು, ಅದೂ ಹೋಯಿತು. ಐದನೆಯದಕ್ಕೆ ಮಳೆಹನಿ ಬಿತ್ತು.

ಆರನೆಯ ಸಲ ಅವಳು ಅವನತ್ತಲೇ ಕಣ್ಣಿಟ್ಟು ನಿಂತಿದ್ದಳು. ಎರಡು ಏಟು. ಬಹಳ ಹೊತ್ತು ಸುಮ್ಮನೆ. ಆಮೇಲೆ ಒಂದರ ಹಿಂದೊಂದು ಮೂರು. ಹೊಟ್ಟು ಸುರಿದು, ಮುಚ್ಚಳ ಎಳೆದು, ಸಂದಿಗಳಿಗೆ ಹಸಿಮಣ್ಣು ಮೆತ್ತಿದಳು.

ಮರುದಿನ ಬೆಳಿಗ್ಗೆ ತೆಗೆದರೆ ಒಳಗಿದ್ದದ್ದು ಒಂದು ಕಪ್ಪು ಕುಡಿಕೆ. ಮಸಿ ಹಿಡಿದು ಸುಟ್ಟ ಗೆಣಸಿನ ಹಾಗಿತ್ತು. "ಇದೂ ಹೋಯ್ತು" ಎಂದು ಪಕ್ಕಕ್ಕಿಡಹೋದಳು.

"ಇಲ್ಲಿ ಕೊಡು," ಎಂದ ಅವನು.

ಕುಡಿಕೆಯನ್ನು ತೊಡೆಯ ನಡುವೆ ಇರುಕಿಕೊಂಡು, ಒದ್ದೆ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಮಸಿಯನ್ನು ಉಜ್ಜತೊಡಗಿದ. ಗುಂಡಿ ಹಾಕಲಾಗದ, ಚಮಚ ಹಿಡಿಯಲಾಗದ ಕೈ; ಉಜ್ಜಲು ಮಾತ್ರ ಅಷ್ಟು ಶಕ್ತಿ ಸಾಕಾಗಿತ್ತು. ಕರಿ ಮಣ್ಣು ಪುಡಿಪುಡಿಯಾಗಿ ಉದುರಿತು. ಅದರಡಿಯಿಂದ ಕೆಂಪು ಕಾಣಿಸಿತು. ಬೆಳಕಿಗೆ ಹಿಡಿದರೆ ಕೆಂಪು ಚಿನ್ನವಾಗಿ, ಸ್ವಲ್ಪ ಓರೆ ಮಾಡಿದರೆ ಮಾಗಿದ ದಾಳಿಂಬೆಯ ಬಣ್ಣವಾಗಿ ಹರಿಯಿತು. ಇಪ್ಪತ್ತಮೂರು ವರ್ಷ ಚಿನ್ನದ ನಡುವೆ ಇದ್ದವಳು ಅಂಥದ್ದನ್ನು ಕಂಡಿರಲಿಲ್ಲ. ಅವಳು ಅವನ ಮುಖ ನೋಡಿದಳು. ಅದು ಗೋಡೆಯ ಹಾಗೇ ಇತ್ತು.

"ನಗ್ತಾ ಇದ್ದೀನಿ ಕಣೇ," ಎಂದ ಅವನು. "ಕಾಣಲ್ಲ, ಅಷ್ಟೆ."

ಗೆರೆಯಮ್ಮ ಅಲ್ಲೇ ನೆಲದ ಮೇಲೆ ಕೂತು, ಆಸ್ಪತ್ರೆಯ ದಿನದಿಂದ ತಡೆದಿಟ್ಟದ್ದನ್ನೆಲ್ಲ ಅತ್ತುಬಿಟ್ಟಳು.

ಅಣ್ಣತಮ್ಮಂದಿರು ಆ ವಾರವೇ ಬಂದು ಕಲಿತರು. ಹೂಜಿಯಮ್ಮ ಬರಲಿಲ್ಲ. ಎರಡು ಸಲ ಹೇಳಿಕಳಿಸಿದರೂ "ಪುರುಸೊತ್ತಿಲ್ಲ" ಎಂದಳು. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ, ಬೇರೆ ಏನೋ ನೆಪ ಹೇಳಿಕೊಂಡು ಬಾಗಿಲಿಗೆ ಬಂದಳು. ಗೆರೆಯಮ್ಮನ ಗಂಡ ಕುರ್ಚಿಯಿಂದ ಏಳುತ್ತಿದ್ದ. ಎದ್ದು ನಿಂತನೇ ಹೊರತು ಕಾಲು ನೆಲಕ್ಕೆ ಅಂಟಿದ ಹಾಗೆ ಮೇಲೇಳಲಿಲ್ಲ. ಗೆರೆಯಮ್ಮ ಅವನ ಮುಂದೆ ನೆಲದ ಮೇಲೆ ಒಂದು ಕೋಲು ಅಡ್ಡ ಇಟ್ಟಳು. ಅದನ್ನು ದಾಟುವವನ ಹಾಗೆ ಅವನು ಹೆಜ್ಜೆ ಎತ್ತಿದ. ಇನ್ನೊಂದು ಹೆಜ್ಜೆಗೆ ಇನ್ನೊಮ್ಮೆ ಕೋಲು. ಬಾಗಿಲ ತನಕ ಹಾಗೇ ಹೋಯಿತು. ಹೂಜಿಯಮ್ಮ ಹೊಸ್ತಿಲಲ್ಲೇ ನಿಂತು ಅಷ್ಟನ್ನೂ ನೋಡಿದಳು. ಬಂದ ಕೆಲಸವನ್ನೂ ಹೇಳದೆ ಹೊರಟುಹೋದಳು.

ಎರಡು ದಿನ ಬಿಟ್ಟು ಬಾಯಿಗೆ ಮೇಣ ಹಚ್ಚಿದ ಕರಿ ಪುಡಿಯ ಡಬ್ಬ ತಂದು ಕಟ್ಟೆಯ ಮೇಲಿಟ್ಟಳು.

"ಇದನ್ನ ಎಲ್ಲಿ ಬಿಸಾಕಬೇಕು ಅಂತ ಗೊತ್ತಾಗ್ಲಿಲ್ಲ," ಎಂದಳು. ಆಮೇಲೆ ನೆಲ ನೋಡುತ್ತ: "ಅಷ್ಟು ಮಾತಾಡಬಾರದಿತ್ತು ನಾನು."

"ಮಾತಾಡಿದ್ದಕ್ಕೇ ಈ ತಾಮ್ರದ ಹದ ಸಿಕ್ಕಿದ್ದು," ಎಂದು ಗೆರೆಯಮ್ಮ ಅವಳನ್ನು ಆವಿಗೆಯ ಹತ್ತಿರ ಕರೆದುಕೊಂಡು ಹೋದಳು.

ಆ ಡಬ್ಬವನ್ನೂ ತನ್ನ ಡಬ್ಬವನ್ನೂ ಅವಳೇ ಹೊತ್ತು ಬಣ್ಣದ ಅಂಗಡಿಗೆ ಒಯ್ದಳು. ಅಂಗಡಿಯವನಿಗೆ ಅದರ ಗುಣ ಗೊತ್ತೇ ಇರಲಿಲ್ಲ. ಮಾರುವುದನ್ನು ಅವನು ನಿಲ್ಲಿಸಲಿಲ್ಲ, ಆದರೆ ಅವಳು ಬರೆದುಕೊಟ್ಟ ಚೀಟಿಯನ್ನು ಪ್ರತಿ ಡಬ್ಬದ ಮೇಲೆ ಅಂಟಿಸಲು ಒಪ್ಪಿದ. ಮುಚ್ಚಿದ ಕೋಣೆಯಲ್ಲಿ ಸುಡಬೇಡಿ, ಹೊಗೆ ಕುಡಿಯಬೇಡಿ, ನನ್ನ ಗಂಡ ಕುಡಿದಿದ್ದಾರೆ ಎಂದಿತ್ತು ಅದರಲ್ಲಿ.

ಅವನು ಮತ್ತೆ ಮೂರು ವರ್ಷ ಬದುಕಿದ. ಕೊನೆಯ ವರ್ಷ ಡಬ್ಬ ಬಾರಿಸಲೂ ಆಗುತ್ತಿರಲಿಲ್ಲ. ಕಣ್ಣು ಮಿಟುಕಿಸಿ ಹೇಳುತ್ತಿದ್ದ, ಮಗಳು ಪಕ್ಕದಲ್ಲಿ ನಿಂತು ಕೂಗುತ್ತಿದ್ದಳು. ಒಮ್ಮೆ ಬಚ್ಚಲಲ್ಲಿ ಬಿದ್ದ, ಹಾಸಿಗೆ ಹಿಡಿದ, ಎದೆಗೆ ಕಫ ಕಟ್ಟಿತು. ಒಂದು ಬೆಳಿಗ್ಗೆ ಗೆರೆಯಮ್ಮ ಅವನ ಹಣೆ ಒರೆಸುತ್ತಿದ್ದಾಗಲೇ ಹೋದ.

ಆಮೇಲೂ ಅವಳು ಆವಿಗೆ ಉರಿಸುವುದನ್ನು ಬಿಡಲಿಲ್ಲ. ಹತ್ತರಲ್ಲಿ ಮೂರು ಈಗಲೂ ಕೆಡುತ್ತವೆ. ಅವಳ ಕಣ್ಣು ಅವನಷ್ಟು ಚುರುಕಲ್ಲ. ಕಲಿಯಲು ಬಂದವರಿಗೆ ಹದ ಹೇಳಿಕೊಡುತ್ತಾಳೆ. ಮುಖವಾಡ ತರದೆ ಬಂದವರನ್ನು ಎಷ್ಟೇ ದೂರದಿಂದ ಬಂದಿದ್ದರೂ ವಾಪಸ್ ಕಳಿಸುತ್ತಾಳೆ.

ಈಚೆಗೆ ಹಲ್ಲು ನೋವೆಂದು ಒಬ್ಬ ದಂತವೈದ್ಯರ ಹತ್ತಿರ ಹೋಗಿದ್ದಳು. ಕಾಯುವ ಕೋಣೆಯ ಮೇಜಿನ ಮೇಲೆ, ಭೇಟಿಚೀಟಿಗಳನ್ನು ತುಂಬಿದ ಒಂದು ಕಂಚಿನ ಬಟ್ಟಲಿತ್ತು. ತಮ್ಮ ಅಂಗಡಿಯದೇ. ಹೊರಮೈಯಲ್ಲಿ, ತಳದ ಹತ್ತಿರ ಗಂಡ ಕಡ್ಡಿಯಿಂದ ಗೀಚುತ್ತಿದ್ದ ಗುರುತು ಹಾಗೇ ಇತ್ತು. ಚೀಟಿಗಳನ್ನು ಪಕ್ಕಕ್ಕಿಟ್ಟು ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕೆಟ್ಟದಾಗಿ ಕಾಣಬಹುದೇನೋ ಎಂದುಕೊಂಡಿದ್ದಳು. ಚೆನ್ನಾಗಿಯೇ ಇತ್ತು.

"ಇಷ್ಟ ಆಯ್ತಾಮ್ಮ?" ಎಂದು ಕೇಳಿದಳು ಹೆಸರು ಬರೆದುಕೊಳ್ಳುವ ಹುಡುಗಿ.

"ಹೂಂ," ಎಂದಳು ಗೆರೆಯಮ್ಮ. "ನಮ್ಮ ಮನೆಯವರು ಸುಟ್ಟಿದ್ದು."

ಚೀಟಿಗಳನ್ನು ಮೊದಲಿದ್ದ ಹಾಗೆ ತುಂಬಿ, ಬಟ್ಟಲನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿ, ತನ್ನ ಸರದಿ ಬರುವವರೆಗೆ ಅದರ ಪಕ್ಕದಲ್ಲೇ ಕೂತಳು.